ಕೀರ್ತಿಶೇಷ ಡೆಪ್ಯುಟಿ ಚನ್ನಬಸಪ್ಪನವರು

ಮಠವೆಂಬ ಶಬ್ದವು ಕಿವಿಗೆ ಬಿದ್ದೊಡನೆ ಇಂದಿನ ಭಕ್ತಜನರ ಕಣ್ಣ ಮುಂದೆ ಗದ್ದುಗೆಯೂ ಪೂಜೆಯೂ ದಾಸೋಹದ ಪಂಕ್ತಿಯೂ ಬಂದು ನಿಲ್ಲುವುದು ಸಹಜವಾಗಿದೆ. ಆದರೆ ನೂರೈವತ್ತು ವರ್ಷಗಳ ಹಿಂದೆ ಕನ್ನಡ ನಾಡಿನ ಹಳ್ಳಿಯ ತಾಯಿಯೊಬ್ಬಳು ತನ್ನ ಮಗನು ಮಠಕ್ಕೆ ಹೋಗಿರುವನೆಂದು ಹೇಳಿದಳಾದರೆ, ಆ ಹುಡುಗನು ಪೂಜೆಗೆ ಹೋಗಿರುವನೆಂದು ನೆರೆಯವರು ತಿಳಿಯುತ್ತಿರಲಿಲ್ಲ. ಅಕ್ಷರ ಕಲಿಯಲು ಹೋಗಿರುವನೆಂದೇ ತಿಳಿಯುತ್ತಿದ್ದರು. ಮಠವೆಂದರೆ ಶಾಲೆ, ಅಯ್ಯನೆಂದರೆ ಗುರು. ಊರೂರು ಸಂಚರಿಸುತ್ತಿದ್ದ ಜಂಗಮರು ನೆಲೆನಿಂತಲ್ಲೆಲ್ಲ ಮಕ್ಕಳನ್ನು ಕೂಡಿಸಿ ಓದು ಬರಹಗಳನ್ನು ಹೇಳಿಕೊಡುತ್ತಿದ್ದುದರ ಗುರುತು ಈ ಎರಡು ಮಾತುಗಳಲ್ಲಿ ಉಳಿದುಕೊಂಡಿದೆ. ಲಿಂಗಾಯತರ ವಸತಿ ವಿರಳವಾಗಿದ್ದ ಪಡುವಣ ಕಡಲ ತಡಿಯಲ್ಲಿಯೂ ಮಾತು ಬೇರೆಯಾಗಿರಲಿಲ್ಲ. ಈಗಿನ ಉಡುಪಿ ಜಿಲ್ಲೆಯ ಕಾಪು, ತೆಂಕ ಎರ್ಮಾಳು, ಬಡಾ ಎರ್ಮಾಳುಗಳ ಕಡೆಯಲ್ಲಿ ಮನೆಯೊಳಗೆ ತುಳುವನ್ನಾಡುತ್ತಿದ್ದ ಮಕ್ಕಳು ಕನ್ನಡದ ಅಕ್ಷರಗಳನ್ನು ತಿದ್ದಲು ಹೋಗುತ್ತಿದ್ದುದು ಐಗಳ ಮಠಕ್ಕೆ. ಆ ಐಗಳು ಯಾವ ಜಾತಿಯವರೇ ಆಗಿರಲಿ, ಹೆಸರು ಮಾತ್ರ ಅಯ್ಯನಿಂದ ಬಂದುದು, ಮನೆ ಮಾತ್ರ ಮಠವೆನಿಸಿಕೊಂಡುದು.

ಈ ಹಳೆಯ ಶಬ್ದವನ್ನೇ ಕೈಗೆತ್ತಿಕೊಂಡು, ಬಡ ಶಾಲಾಮಾಸ್ತರರ ಸಲುವಾಗಿ ಹೊರಟ ಪತ್ರಿಕೆಯೊಂದಕ್ಕೆ 1865ರಲ್ಲಿ ಮಠಪತ್ರಿಕೆಯೆಂದು ಹೆಸರಿಟ್ಟು ನಡೆಯಿಸಿದ ಮಹನೀಯರು ಡೆಪ್ಯುಟಿ ಚನ್ನಬಸಪ್ಪನವರು. ಉತ್ತರ ಕರ್ನಾಟಕದಲ್ಲಿ ಕನ್ನಡ ಶಾಲೆಯೆಂಬುದು ಇಂದು ಇರುವುದಾದರೆ, ಅದರ ತಳಪಾಯದ ಕಲ್ಲುಗಳಲ್ಲಿ ಬಹಳಷ್ಟನ್ನು ಹೊತ್ತು ತಂದವರು ಅವರೇ. ಅವರು ಮಠಾಧಿಪತಿಗಳಲ್ಲ, ಸಂಸ್ಥಾನಿಕರಲ್ಲ, ದೊಡ್ಡ ವರ್ತಕರೂ ಅಲ್ಲ. ಮುಂಬಯಿ ಸರಕಾರದ ಶಿಕ್ಷಣ ಖಾತೆಯ ನೌಕರರು. ನೌಕರಿಯ ಪದವಿಯೇ ಅವರ ಹೆಸರಿಗೆ ಅಂಟಿಕೊಂಡು, ಜನರ ಬಾಯಲ್ಲಿ ಅವರು ಎಂದೆಂದಿಗೂ ಡೆಪ್ಯುಟಿ ಚನ್ನಬಸಪ್ಪನವರಾಗಿಯೇ ಉಳಿದರು. ಡೆಪ್ಯುಟಿ ಎಂಬ ಅಧಿಕಾರದಲ್ಲಿ ಅವರ ಮುಂದೆಯೂ ಹಿಂದೆಯೂ ಎಷ್ಟೋ ಜನರು ಇದ್ದು ಹೋದರು. ಅವರಾರ ಹೆಸರಿಗೂ ಈ ಬಿರುದು ಇಷ್ಟು ಗಟ್ಟಿಯಾಗಿ ಹತ್ತಲಿಲ್ಲ.

ಚನ್ನಬಸಪ್ಪನವರು ಹುಟ್ಟಿದುದು ಧಾರವಾಡದಲ್ಲಿ, 1834ರಲ್ಲಿ. ತಂದೆಯ ಹೆಸರು ಬಸಲಿಂಗಪ್ಪನೆಂದು. ಆಗ ಧಾರವಾಡವು ಪೇಶವೆಯರ ಕೈಬಿಟ್ಟು ಇಂಗ್ಲಿಷರ ಕೈಸೇರಿ ಹದಿನಾರು ವರ್ಷಗಳಾಗಿದ್ದವು. ರಾಜ್ಯವು ಬದಲಾಗಿತ್ತೇ ಹೊರತು ಕಚೇರಿಯ ಮಾತು ಬದಲಾಗಿರಲಿಲ್ಲ. ದಫ್ತರವು ಮೋಡಿ ಲಿಪಿಯಲ್ಲಿ ನಡೆಯುತ್ತಿತ್ತು; ಕಾರಕೂನರು ಮರಾಠಿಯಲ್ಲಿ ಬರೆಯುತ್ತಿದ್ದರು; ರೈತನು ಕನ್ನಡದಲ್ಲಿ ಹೇಳಿಕೊಂಡ ದುಃಖವು ಮರಾಠಿಯಲ್ಲಿ ಬರೆಯಲ್ಪಟ್ಟು ಇಂಗ್ಲಿಷಿನಲ್ಲಿ ತೀರ್ಮಾನವಾಗುತ್ತಿತ್ತು. ಮುಂಬಯಿ ಸರಕಾರವು ಧಾರವಾಡದಲ್ಲಿ ಮೊತ್ತಮೊದಲು ತೆರೆದ ಶಾಲೆಯೂ ಮರಾಠಿಯದೇ. ಈ ಸೀಮೆಯ ಜನರ ಮಾತು ಕನ್ನಡವೆಂಬ ಸಂಗತಿಯು ಮೇಲಿನ ಅಧಿಕಾರಿಗಳಿಗೆ ಬಹುಕಾಲ ಗೋಚರವಾಗಿರಲಿಲ್ಲ. ಗೋಚರವಾದವರಲ್ಲಿ ವಾಲ್ಟರ್ ಎಲಿಯಟ್ ಸಾಹೇಬರಂಥವರು ಒಬ್ಬಿಬ್ಬರು. ಅವರು ಧಾರವಾಡದಲ್ಲಿದ್ದಾಗ ಕನ್ನಡ ಶಾಲೆಗೆ ಆಶ್ರಯ ಕೊಟ್ಟುದುಂಟು. ಆದರೆ ಒಬ್ಬ ಅಧಿಕಾರಿಯ ಪ್ರೀತಿಯ ಮೇಲೆ ನಿಂತ ಶಾಲೆಯು ಆತನ ವರ್ಗವಾದೊಡನೆ ಬಡವಾಗುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಊರೊಳಗಿನ ಹಳೆಯ ಮಠಗಳ ಸ್ಥಿತಿಯೇನು? ಮಕ್ಕಳು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದುವರು; ಮುಂದೆ ಹಲಗೆ, ಬಳಪ, ಕಡತ. ಸಾಯಂಕಾಲ ಸಾಲಾಗಿ ನಿಂತು ಮಗ್ಗಿಗಳನ್ನು ಕೂಗುವರು. ಕಾಲು, ಅರೆ, ಮುಕ್ಕಾಲು ಮಗ್ಗಿಗಳವರೆಗೆ ಬಾಯಿಪಾಠವಾದರೆ ಅಂಗಡಿಯ ಲೆಕ್ಕಕ್ಕೆ ಕೊರತೆಯಿರಲಿಲ್ಲ. ಮಹಾನವಮಿಯಲ್ಲಿ ಬಣ್ಣದ ಬಿಲ್ಲು ಬಾಣ ಹಿಡಿದು ಮನೆಮನೆಯ ಮುಂದೆ ಚೌಪದ ಹಾಡಿ ಗುರುಗಳಿಗೆ ದಕ್ಷಿಣೆ ಕೂಡಿಸಿ ತರುವರು. ತಪ್ಪಿದವನಿಗೆ ಕೋದಂಡವೆಂಬ ಶಿಕ್ಷೆಯಿತ್ತು. ತೊಲೆಗೆ ಕಟ್ಟಿದ ಹಗ್ಗವನ್ನು ಹಿಡಿದು ಜೋತುಬೀಳಬೇಕು, ಕೈಸೋತು ಬಿದ್ದರೆ ಕೆಳಗೆ ಬೆತ್ತ. ಈ ಮಠಗಳಲ್ಲಿ ಗುರುವಿನ ಮೇಲೆ ಭಕ್ತಿಯಿತ್ತು, ಊರಿನ ಅಭಿಮಾನವಿತ್ತು, ಬಾಯಿಲೆಕ್ಕದ ಚುರುಕೂ ಇತ್ತು. ಇಲ್ಲದಿದ್ದುದೇನೆಂದರೆ, ಕಲಿಸುವುದನ್ನು ಹೇಗೆ ಕಲಿಸಬೇಕೆಂಬ ವಿಚಾರ. ತನಗೆ ಬಂದುದನ್ನು ತನಗೆ ಬಂದ ಬಗೆಯಲ್ಲೇ ಕೊಡುವುದು ಗುರುವಿನ ಪದ್ಧತಿಯಾಗಿತ್ತು. ಭೂಗೋಳ, ಇತಿಹಾಸಗಳ ಹೆಸರೂ ಇರಲಿಲ್ಲ. ಓದಿದ ಪದ್ಯದ ಅರ್ಥವನ್ನು ಹುಡುಗನು ಕೇಳುವುದೂ ಗುರುವು ಹೇಳುವುದೂ ಅಪರೂಪವಾಗಿತ್ತು.

ಚನ್ನಬಸಪ್ಪನವರು ಧಾರವಾಡದಲ್ಲಿ ದೊರೆಯುವಷ್ಟನ್ನು ಕಲಿತು, ಇಂಗ್ಲಿಷ್ ವಿದ್ಯೆಯ ಹಂಬಲದಿಂದ ಪುಣೆಗೆ ಹೋದರು. ಈ ಸೀಮೆಗೆ ರೈಲು ಬರಲು ಇನ್ನೂ ಮೂವತ್ತು ವರ್ಷಗಳಿದ್ದ ಕಾಲವದು. ಧಾರವಾಡದಿಂದ ಪುಣೆಯವರೆಗಿನ ದಾರಿಯೆಂದರೆ ಕಾಲ್ನಡಿಗೆ, ಇಲ್ಲವೇ ಎತ್ತಿನ ಬಂಡಿ. ನಡುವೆ ಘಟಪ್ರಭೆ, ಕೃಷ್ಣೆಗಳಂಥ ನದಿಗಳು. ಅಂಗಡಿಯನ್ನೋ ಹೊಲವನ್ನೋ ನೋಡಿಕೊಂಡಿರುವುದೇ ಮರ್ಯಾದೆಯ ಬಾಳೆಂದು ಎಣಿಸುತ್ತಿದ್ದ ಸಮಾಜದ ತರುಣನೊಬ್ಬನು ಅಷ್ಟು ದೂರ ವಿದ್ಯೆಗಾಗಿ ಹೋಗುವುದು ಆಗಿನ ಜನಕ್ಕೆ ವಿಚಿತ್ರವಾಗಿಯೇ ಕಂಡಿರಬೇಕು. ಪುಣೆಯಲ್ಲಿ ಅವರು ಕಂಡುದೇನೆಂದರೆ, ಮರಾಠಿಯ ವಿದ್ವಾಂಸರು ತಮ್ಮ ಭಾಷೆಯಲ್ಲಿ ಪಠ್ಯಪುಸ್ತಕ, ವ್ಯಾಕರಣ, ಭೂಗೋಳಗಳನ್ನು ಬರೆಯುತ್ತ, ಶಾಲೆಗಳನ್ನು ಕಟ್ಟುತ್ತ ಇದ್ದ ಸಂಭ್ರಮ. ಅಲ್ಲಿ ಓದಿಬಂದ ಕನ್ನಡಿಗರಲ್ಲಿ ಕೆಲವರು ಮರಾಠಿಯನ್ನೇ ತಮ್ಮದಾಗಿ ಮಾಡಿಕೊಂಡು ಮರಳಿದರು. ಚನ್ನಬಸಪ್ಪನವರು ಆ ಸಂಭ್ರಮವನ್ನು ಕನ್ನಡಕ್ಕೆ ತರಬೇಕೆಂಬ ಹಟವನ್ನು ತಂದರು. ಅವರಿಗೆ ಮರಾಠಿಯ ಮೇಲೆ ದ್ವೇಷವಿತ್ತೆಂದು ತಿಳಿಯಲಾಗದು. ಮರಾಠಿಗರು ತಮ್ಮ ನುಡಿಗೆ ಮಾಡಿದ ಸೇವೆಯೇ ಅವರಿಗೆ ಮೇಲ್ಪಂಕ್ತಿಯಾಯಿತೆನ್ನಬಹುದು.

ಅಷ್ಟರೊಳಗೆ ಕಾಲವೂ ಅನುಕೂಲವಾಗಿ ತಿರುಗಿತ್ತು. 1854ರಲ್ಲಿ ಚಾರ್ಲ್ಸ್ ವುಡ್ಡರ ಹೆಸರಿನ ಪ್ರಸಿದ್ಧ ಶಿಕ್ಷಣಪತ್ರವು ವಿಲಾಯತಿಯಿಂದ ಬಂದು, ಸಾಮಾನ್ಯ ಜನರ ಮಕ್ಕಳಿಗೆ ಅವರವರ ದೇಶಭಾಷೆಯಲ್ಲಿ ವಿದ್ಯೆ ಕೊಡಬೇಕೆಂದೂ, ಅದಕ್ಕಾಗಿ ಶಿಕ್ಷಕರನ್ನು ತಯಾರುಮಾಡುವ ನಾರ್ಮಲ್ ಶಾಲೆಗಳನ್ನು ಏರ್ಪಡಿಸಬೇಕೆಂದೂ, ಅಲ್ಲಿ ಕಲಿಯುವವರಿಗೆ ವೇತನ ಕೊಡಬೇಕೆಂದೂ ವಿಧಿಸಿತು. ಮರುವರ್ಷ ಮುಂಬಯಿ ಇಲಾಖೆಯಲ್ಲಿ ಶಿಕ್ಷಣ ಖಾತೆಯು ಸ್ಥಾಪಿತವಾಯಿತು. ಕನ್ನಡ ಸೀಮೆಯ ಸಲುವಾಗಿಯೂ ನಾರ್ಮಲ್ ಶಾಲೆಯೊಂದು ಹುಟ್ಟಿ, ಅದೇ ಮುಂದೆ ಧಾರವಾಡದ ಟ್ರೇನಿಂಗ್ ಕಾಲೇಜೆಂದು ಹೆಸರುಗೊಂಡಿತು. ಆ ನಾರ್ಮಲ್ ಶಾಲೆಯ ಮುಖ್ಯಾಧ್ಯಾಪಕ ಸ್ಥಾನವು ಚನ್ನಬಸಪ್ಪನವರಿಗೆ ದೊರೆಯಿತು.

ಅಲ್ಲಿ ಅವರು ಎದುರಿಸಿದ ಕಷ್ಟವು ವಿಚಿತ್ರವಾದುದಾಗಿತ್ತು. ಕನ್ನಡ ಶಾಲೆಗಳನ್ನು ತೆರೆಯಿರೆಂದು ಕೇಳಿದರೆ ಕನ್ನಡ ಕಲಿಸುವ ಶಿಕ್ಷಕರೆಲ್ಲಿರುವರೆಂಬ ಉತ್ತರ. ಶಿಕ್ಷಕರನ್ನು ತಯಾರುಮಾಡೋಣವೆಂದರೆ ಓದಿಸಲು ಕನ್ನಡ ಪುಸ್ತಕಗಳೆಲ್ಲಿರುವುವೆಂಬ ಉತ್ತರ. ಪುಸ್ತಕ ಬರೆಯಿಸೋಣವೆಂದರೆ ಓದುವ ಶಾಲೆಗಳೇ ಇಲ್ಲವಲ್ಲ ಎಂಬ ಉತ್ತರ. ಒಂದು ಇಲ್ಲದೆ ಇನ್ನೊಂದಿಲ್ಲ. ಹೀಗಾಗಿ ಇರುವ ಮರಾಠಿ ಶಾಲೆಯೇ ಸಾಕೆಂಬುದು ಕಚೇರಿಯ ತೀರ್ಮಾನ. ಈ ಚಕ್ರವನ್ನು ಎಲ್ಲಿಯಾದರೂ ಒಂದು ಕಡೆ ಮುರಿಯಲೇಬೇಕಾಗಿತ್ತು. ಚನ್ನಬಸಪ್ಪನವರು ಶಿಕ್ಷಕನಿಂದ ಮುರಿದರು. ಹಳ್ಳಿಗಳಿಂದ ಕನ್ನಡ ಬಲ್ಲ ತರುಣರನ್ನು ಹುಡುಕಿ ಕರೆತಂದು ನಾರ್ಮಲ್ ಶಾಲೆಗೆ ಸೇರಿಸುವುದು ಅವರ ಮೊದಲ ಕೆಲಸವಾಯಿತು. ತನ್ನ ಊರಿಗೆ ಹಿಂದಿರುಗಿದ ಒಬ್ಬ ಒಳ್ಳೆಯ ಮಾಸ್ತರನು ಶಾಲೆಯನ್ನು ತಾನೇ ಹುಟ್ಟಿಸುವನು, ಪುಸ್ತಕವನ್ನು ತಾನೇ ಬೇಡುವನು. ಕಟ್ಟಡದಿಂದಾಗಲಿ ಹುಕುಮಿನಿಂದಾಗಲಿ ಪ್ರಾರಂಭಿಸಿದ್ದರೆ ಈ ಕಾರ್ಯವು ಇಷ್ಟು ಬೇಗ ಬೇರೂರುತ್ತಿದ್ದಿಲ್ಲ.

ನಾರ್ಮಲ್ ಶಾಲೆಯ ಕ್ರಮವನ್ನು ಇಂದಿನವರು ತಿಳಿಯುವುದು ಒಳ್ಳೆಯದು. ಅಲ್ಲಿಗೆ ಬರುವವರು ಬಾಲಕರಲ್ಲ, ಮೀಸೆ ಬಂದ ತರುಣರು. ಸರಕಾರದ ಅಲ್ಪ ವೇತನದಲ್ಲಿ ಊಟ ವಸತಿಗಳನ್ನು ಸಾಗಿಸಿಕೊಳ್ಳಬೇಕು. ಓದು, ಶುದ್ಧಬರಹ, ಅಂಕಗಣಿತ, ವ್ಯಾಕರಣ, ಭೂಗೋಳ, ಇತಿಹಾಸಗಳನ್ನು ತಾವು ಕಲಿಯುವುದು ಅರ್ಧ ಕೆಲಸ. ಶಾಲೆಯನ್ನು ನಡೆಯಿಸುವ ಬಗೆಯನ್ನು ಕಲಿಯುವುದು ಇನ್ನರ್ಧ. ಮಕ್ಕಳನ್ನು ತರಗತಿಗಳಾಗಿ ವಿಂಗಡಿಸುವುದು, ಹಾಜರಿಪಟ್ಟಿಯನ್ನು ಇಡುವುದು, ಒಂದು ವರ್ಗಕ್ಕೆ ಬಾಯಿಪಾಠ ನಡೆಯುತ್ತಿರುವಾಗ ಇನ್ನೊಂದು ವರ್ಗವನ್ನು ಬರಹಕ್ಕೆ ಹಚ್ಚುವುದು, ಗೊತ್ತಿರುವುದರಿಂದ ಗೊತ್ತಿಲ್ಲದುದಕ್ಕೆ ಮೆಟ್ಟಲು ಮೆಟ್ಟಲಾಗಿ ಮಗುವನ್ನು ಕರೆದೊಯ್ಯುವುದು, ಇವೆಲ್ಲ ಹಳೆಯ ಮಠದಲ್ಲಿ ಯಾರೂ ಯೋಚಿಸದಿದ್ದ ಸಂಗತಿಗಳು. ಇಂಥ ಸಂಸ್ಥೆಗಳಿಗೆ ಹೊಂದಿಕೊಂಡು ಅಭ್ಯಾಸದ ಶಾಲೆಯೊಂದಿರುತ್ತಿತ್ತು. ಅಲ್ಲಿ ಭಾವೀ ಶಿಕ್ಷಕನು ನಿಜವಾದ ಮಕ್ಕಳ ಮುಂದೆ ನಿಂತು ಪಾಠ ಹೇಳಬೇಕು. ಸಂಗಡಿಗರೂ ಅಧ್ಯಾಪಕರೂ ಹಿಂದೆ ಕುಳಿತು ನೋಡಿ ತಪ್ಪು ಒಪ್ಪುಗಳನ್ನು ತೋರಿಸಬೇಕು. ಊರಿನಲ್ಲಿ ಬೆತ್ತ ಹಿಡಿದು ನಿರಂಕುಶನಾಗಿದ್ದ ಗುರುವಿಗೆ, ಇತರರ ಕಣ್ಣ ಮುಂದೆ ಪಾಠ ಹೇಳಿ ತಿದ್ದಿಸಿಕೊಳ್ಳುವ ಈ ಪದ್ಧತಿಯು ಸಣ್ಣ ಪರೀಕ್ಷೆಯಾಗಿರಲಿಲ್ಲ. ಪರರ ದೋಷವನ್ನು ಹುಡುಕುವ ಮೊದಲು ತನ್ನ ದೋಷವನ್ನು ತಾನು ಕಾಣುವುದು ಶರಣಮಾರ್ಗದ ಮೊದಲ ಮೆಟ್ಟಲೆಂದು ಕೇಳಿಬಲ್ಲ ಚನ್ನಬಸಪ್ಪನವರಿಗೆ ಇದು ಹೊಸದಾಗಿ ತೋರಿರಲಾರದು.

ಮುಂದೆ ಅವರಿಗೆ ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರರ ಪದವಿಯು ದೊರೆತು ಬೆಳಗಾವಿ ಜಿಲ್ಲೆಯ ಶಾಲೆಗಳು ಅವರ ಕೈಕೆಳಗೆ ಬಂದುವು. ಅವರ ನಿಜವಾದ ಕಾಯಕವು ಪ್ರಕಾಶಕ್ಕೆ ಬಂದುದು ಇಲ್ಲಿಯೇ. ಬೆಳಗಾವಿಯಲ್ಲಿ ಮರಾಠಿಯ ಬಲವು ಧಾರವಾಡಕ್ಕಿಂತ ಹೆಚ್ಚು. ಕನ್ನಡವನ್ನೇ ಆಡುವ ಹಳ್ಳಿಗಳಲ್ಲಿಯೂ ಶಾಲೆಯು ಮರಾಠಿಯದು. ಬೆಳಗ್ಗೆ ತಾಯಿಯೊಡನೆ ಒಂದು ಮಾತಾಡಿ ಬಂದ ಮಗುವು ಶಾಲೆಯ ಹೊಸ್ತಿಲು ದಾಟಿದೊಡನೆ ಆ ಮಾತನ್ನು ಮರೆಯಬೇಕು. ಅರ್ಥವಾಗದ ಪುಸ್ತಕವನ್ನು ಬಾಯಿಪಾಠ ಮಾಡಿ ಒಪ್ಪಿಸಬೇಕು. ಎರಡು ವರ್ಷ ಕಳೆದು ಹೊಲಕ್ಕೆ ಹೋದಮೇಲೆ ಕಲಿತುದೆಲ್ಲ ಮರೆತುಹೋಗಬೇಕು. ಹೀಗೆ ಆಗುತ್ತಿದ್ದುದನ್ನು ಕಂಡ ಮೇಲಧಿಕಾರಿಗಳು ಈ ಜನರಿಗೆ ವಿದ್ಯೆಯಲ್ಲಿ ಆಸಕ್ತಿಯಿಲ್ಲವೆಂದು ಬರೆದುಬಿಡುವುದು ಸುಲಭವಾಗಿತ್ತು. ಆಸಕ್ತಿಯಿಲ್ಲದಿರುವುದು ಜನರಲ್ಲಲ್ಲ, ಕೊರತೆಯಿರುವುದು ಶಾಲೆಯ ಭಾಷೆಯಲ್ಲಿ ಎಂಬುದನ್ನು ಚನ್ನಬಸಪ್ಪನವರು ತಮ್ಮ ಮೇಲಿನವರಿಗೆ ಮನಗಾಣಿಸಿದರು. ಅದೃಷ್ಟವಶದಿಂದ ಆಗ ದಕ್ಷಿಣ ವಿಭಾಗದ ಇನ್‌ಸ್ಪೆಕ್ಟರರಾಗಿದ್ದ ರಸೆಲ್ ಸಾಹೇಬರು ಕನ್ನಡದ ಪಕ್ಷಪಾತಿಗಳು. ಮೇಲೆ ಕೇಳುವ ಕಿವಿಯೂ ಕೆಳಗೆ ದುಡಿಯುವ ಕೈಯೂ ಒಂದೇ ಕಾಲಕ್ಕೆ ಕೂಡಿಬಂದುದರಿಂದ, ಮರಾಠಿಯ ಶಾಲೆಗಳು ಕನ್ನಡ ಶಾಲೆಗಳಾಗಿ ಮಾರ್ಪಡುವುದೂ ಹೊಸ ಕನ್ನಡ ಶಾಲೆಗಳು ತೆರೆಯುವುದೂ ನಡೆಯಿತು.

ಹಣದ ಮಾತನ್ನೂ ಇಲ್ಲಿ ಹೇಳಬೇಕು. ಸುಮಾರು 1863ರಿಂದ ಮುಂಬಯಿ ಇಲಾಖೆಯಲ್ಲಿ ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದಾಣೆಯ ಪಟ್ಟಿಯನ್ನು ಹಾಕಿ, ಅದರ ಮೂರನೆಯ ಒಂದು ಪಾಲನ್ನು ಶಾಲೆಗಳಿಗೂ ಉಳಿದುದನ್ನು ರಸ್ತೆ ಮೊದಲಾದವುಗಳಿಗೂ ತೆಗೆದಿಡುವ ವ್ಯವಸ್ಥೆಯಾಯಿತು. ಎಂದರೆ ರೈತನು ಒಂದು ರೂಪಾಯಿ ಕಂದಾಯ ಕೊಟ್ಟಾಗ ನಾಲ್ಕು ಪೈಯಷ್ಟು ಶಾಲೆಗೆ ಸಲ್ಲುತ್ತಿತ್ತು. ಕನ್ನಡದ ಒಕ್ಕಲಿಗನು ಬೆವರು ಸುರಿಸಿ ಕೊಟ್ಟ ನಾಲ್ಕು ಪೈಯಿಂದ ಅವನ ಮಗುವಿಗೆ ತಿಳಿಯದ ಭಾಷೆಯನ್ನು ಕಲಿಸುವುದು ನ್ಯಾಯವಲ್ಲವೆಂಬುದು ಯಾವ ಕಲೆಕ್ಟರನಿಗಾದರೂ ಅರ್ಥವಾಗುವ ಲೆಕ್ಕವಾಗಿತ್ತು.

ಆದರೆ ಶಾಲೆಗಳು ಹೆಚ್ಚಿದಂತೆ ಇನ್ನೊಂದು ತೊಂದರೆಯು ತಲೆದೋರಿತು. ನಾರ್ಮಲ್ ಶಾಲೆಯಲ್ಲಿ ತಯಾರಾದವರು ಕೆಲವರೇ. ಉಳಿದ ಮಾಸ್ತರರು ಹಳೆಯ ಮಠಗಳ ಅಯ್ಯಗಳು, ಕಾರಕೂನಿಕೆ ಸಿಕ್ಕದೆ ಬಂದವರು, ಅರ್ಧ ಕಲಿತವರು. ತಯಾರಾದವರಿಗೂ ಊರು ಸೇರಿದ ಮೇಲೆ ಜೊತೆಯಿಲ್ಲ, ಪುಸ್ತಕವಿಲ್ಲ, ಸಂಶಯ ಬಂದರೆ ಕೇಳಲು ದಿಕ್ಕಿಲ್ಲ. ವರ್ಷಕ್ಕೊಮ್ಮೆ ಡೆಪ್ಯುಟಿ ಸಾಹೇಬರು ಕುದುರೆಯ ಮೇಲೆಯೋ ಬಂಡಿಯಲ್ಲಿಯೋ ಬಂದು ಪರೀಕ್ಷೆ ಮಾಡಿ ಹೋದರೆ ಮತ್ತೆ ಹನ್ನೆರಡು ತಿಂಗಳು ಏಕಾಂತ. ಇಂಥ ಏಕಾಂತದಲ್ಲಿ ಕಲಿತ ಮಾಸ್ತರನೂ ನಾಲ್ಕು ವರ್ಷಗಳಲ್ಲಿ ಹಳೆಯ ಬೆತ್ತಕ್ಕೂ ಬಾಯಿಪಾಠಕ್ಕೂ ಮರಳುವನು. ಈ ಸಂಗತಿಯು ಇಂದಿಗೂ ಪೂರ್ತಿಯಾಗಿ ಹಳತಾಗಿಲ್ಲವೆಂಬುದನ್ನು ಪ್ರಾಥಮಿಕ ಶಾಲೆಯ ಶಿಕ್ಷಕರು ಬಲ್ಲರು. ಕ್ಲಸ್ಟರ್ ಕೇಂದ್ರಗಳಲ್ಲಿ ಏರ್ಪಡುವ ಸಮಾಲೋಚನಾ ಸಭೆಗಳೂ, ಮದ್ರಾಸ್ ಇಲಾಖೆಯ ಕಾಲದಲ್ಲಿ ದಕ್ಷಿಣ ಕನ್ನಡದ ಮಾಸ್ತರರು ಒಂದೆಡೆ ಕೂಡಿ ಮಾದರಿ ಪಾಠವನ್ನು ನೋಡಿ ಚರ್ಚಿಸುತ್ತಿದ್ದ ಶಿಕ್ಷಕಸಂಘದ ಕೂಟಗಳೂ ಈ ಏಕಾಂತಕ್ಕೆ ಹುಡುಕಿದ ಔಷಧಗಳೇ.

ಚನ್ನಬಸಪ್ಪನವರು ಹುಡುಕಿದ ಔಷಧವು ಮಠಪತ್ರಿಕೆ. ಬೆಳಗಾವಿಯಿಂದ ಹೊರಟ ಈ ಪತ್ರಿಕೆಯು ರಾಜಕಾರಣದ ಸುದ್ದಿಗಾಗಿ ಹುಟ್ಟಿದುದಲ್ಲ, ಮತಪ್ರಚಾರಕ್ಕಾಗಿಯೂ ಅಲ್ಲ. ಶಾಲೆಯ ಮಾಸ್ತರನಿಗಾಗಿ ಹುಟ್ಟಿದುದು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವು 1843ರಲ್ಲಿ ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಪಾದ್ರಿಗಳಿಂದ ಹೊರಟು ಇಪ್ಪತ್ತೆರಡು ವರ್ಷಗಳಾಗಿದ್ದುವಷ್ಟೆ. ಕನ್ನಡದಲ್ಲಿ ಪತ್ರಿಕೆಯೆಂಬುದೇ ಹೊಸದಾಗಿದ್ದಾಗ, ಒಂದು ವೃತ್ತಿಯವರ ಸಲುವಾಗಿ, ಅದೂ ಎಲ್ಲ ವೃತ್ತಿಗಳಲ್ಲಿ ಬಡದಾದ ಪ್ರಾಥಮಿಕ ಶಿಕ್ಷಕನ ವೃತ್ತಿಯ ಸಲುವಾಗಿ ಪತ್ರಿಕೆಯನ್ನು ತೆಗೆಯುವುದು ದೂರದೃಷ್ಟಿಯ ಕೆಲಸವೇ ಸರಿ. ದೂರದ ಹಳ್ಳಿಯ ಮಾಸ್ತರನು ಟಪಾಲಿನವನ ದಾರಿ ನೋಡುವಂತಾಯಿತು. ಪತ್ರಿಕೆ ಬಂದ ದಿನ ಆತನಿಗೆ ತಾನೊಬ್ಬನೇ ಅಲ್ಲ, ತನ್ನಂಥವರು ನಾಡಿನಲ್ಲಿ ಬಹಳ ಜನರಿರುವರೆಂಬ ಧೈರ್ಯ ಬರುತ್ತಿತ್ತು. ನಾರ್ಮಲ್ ಶಾಲೆಗೆ ಬರಲಾರದವನ ಮನೆಗೆ ನಾರ್ಮಲ್ ಶಾಲೆಯೇ ನಡೆದುಬಂದಂತಾಯಿತು. ಆ ಹೆಸರನ್ನು ಆರಿಸಿದುದರಲ್ಲಿಯೂ ಜಾಣ್ಮೆಯಿದೆ. ಹೊಸ ಶಾಲೆಯನ್ನು ಸರಕಾರದ ಉಪದ್ರವವೆಂದು ಎಣಿಸುತ್ತಿದ್ದ ಹಳ್ಳಿಗೆ, ಇದು ನಿಮ್ಮ ಹಳೆಯ ಮಠವೇ, ಹೊಸ ಬಟ್ಟೆ ಉಟ್ಟು ಬಂದಿದೆ ಎಂದು ಹೇಳುವಂತಿದೆ ಆ ಹೆಸರು.

ಪುಸ್ತಕಗಳ ಕೊರತೆಯನ್ನು ನೀಗುವ ಕೆಲಸವೂ ಇದರ ಜೊತೆಗೆ ಸಾಗಿತು. ಆ ಕಾಲದ ಕನ್ನಡ ಶಾಲಾಪುಸ್ತಕಗಳಲ್ಲಿ ಹಲವು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಗಿ ಘಟ್ಟವನ್ನೇರಿ ಬಂದುವು. 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾದ ಆ ಮುದ್ರಣಾಲಯವು ಮದ್ರಾಸ್ ಇಲಾಖೆಯ ನೆಲದಲ್ಲಿದ್ದುದು. ಓದುವವರು ಮುಂಬಯಿ ಇಲಾಖೆಯವರು. ಕಾರವಾರದ ಸೀಮೆಯು 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿತು. ಕಾಪು, ಎರ್ಮಾಳು, ಉಡುಪಿಗಳ ಸೀಮೆಯು ಮದ್ರಾಸಿನಲ್ಲಿಯೇ ಉಳಿಯಿತು. ಹೀಗೆ ಒಂದೇ ನುಡಿಯ ಮಕ್ಕಳು ಬೇರೆಬೇರೆ ಸರಕಾರಗಳ ಕೆಳಗೆ ಬೇರೆಬೇರೆ ಪಾಠಕ್ರಮಗಳಲ್ಲಿ ಹಂಚಿಹೋಗಿದ್ದಾಗ, ಅಚ್ಚಿನ ಪುಸ್ತಕವೇ ಅವರನ್ನು ಕೂಡಿಸುವ ಸೇತುವೆಯಾಯಿತು. ಧಾರವಾಡದ ಮಾತು, ಬೆಳಗಾವಿಯ ಮಾತು, ಕರಾವಳಿಯ ಮಾತು ಒಂದನ್ನೊಂದು ಹೋಲದಿದ್ದರೂ ಶಾಲೆಯ ಪುಸ್ತಕದ ಗದ್ಯವನ್ನು ಎಲ್ಲರೂ ಓದಬಲ್ಲವರಾದರು.

ಶಿಕ್ಷಣ ಖಾತೆಯ ಆಶ್ರಯದಲ್ಲಿ ಆಗ ಕೂಡಿಬಂದ ವಿದ್ವಾಂಸರ ಗುಂಪು ಚಿಕ್ಕದಾದರೂ ಚೊಕ್ಕದಾಗಿತ್ತು. ಶಾಲಾಪತ್ರಿಕೆಯ ಸಂಪಾದಕತ್ವವನ್ನು ವಹಿಸಿ ಹೆಸರಾದ ವೆಂಕಟ ರಂಗೋ ಕಟ್ಟಿಯವರು, ಬಾಣನ ಕಾದಂಬರಿಯನ್ನು ಕನ್ನಡಕ್ಕೆ ಇಳಿಸಿದ ಗಂಗಾಧರ ಮಡಿವಾಳೇಶ್ವರ ತುರಮರಿಯವರು, ಶಾಕುಂತಲವನ್ನು ಕನ್ನಡ ನಾಟಕವಾಗಿಸಿದ ಚುರಮುರಿ ಶೇಷಗಿರಿರಾಯರು ಆ ಪೀಳಿಗೆಯವರು. ಬ್ರಾಹ್ಮಣರೂ ಲಿಂಗಾಯತರೂ ಪಾದ್ರಿಗಳೂ ಕನ್ನಡವೆಂಬ ಒಂದೇ ಹಂದರದ ಕೆಳಗೆ ದುಡಿದ ಕಾಲವದು. ಅಂಥ ಸೌಹಾರ್ದವು ಮುಂದಿನ ದಶಕಗಳಲ್ಲಿ ಎಲ್ಲ ಕಡೆಯೂ ಉಳಿಯಲಿಲ್ಲವೆಂಬುದು ಖೇದದ ಸಂಗತಿ.

ಚನ್ನಬಸಪ್ಪನವರ ಸ್ವಂತ ಗ್ರಂಥರಚನೆಯಲ್ಲಿ ಪ್ರಸಿದ್ಧವಾದುದು 1871ರ ನಗದವರನ್ನು ನಗಿಸುವ ಕಥೆ. ಇದು ಇಂಗ್ಲಿಷ್ ಮಹಾಕವಿ ಶೇಕ್ಸ್‌ಪಿಯರನ ಕಾಮೆಡಿ ಆಫ್ ಎರರ್ಸ್ ಎಂಬ ನಾಟಕದ ಕನ್ನಡ ರೂಪ. ಶೇಕ್ಸ್‌ಪಿಯರನು ಕನ್ನಡಕ್ಕೆ ಬಂದ ಮೊದಮೊದಲ ಹೆಜ್ಜೆಗಳಲ್ಲಿ ಇದೊಂದು. ಹಡಗು ಒಡೆದು ಬೇರೆಬೇರೆಯಾದ ಅವಳಿ ಅಣ್ಣತಮ್ಮಂದಿರು, ಅವರಿಗೆ ಆಳುಗಳಾಗಿರುವ ಇನ್ನಿಬ್ಬರು ಅವಳಿಗಳು, ಎಲ್ಲರೂ ಒಂದೇ ಪಟ್ಟಣಕ್ಕೆ ಬಂದಾಗ ಒಬ್ಬನನ್ನು ಇನ್ನೊಬ್ಬನೆಂದು ಭ್ರಮಿಸಿ ಹೆಂಡತಿ, ವ್ಯಾಪಾರಿ, ಸೇವಕ ಎಲ್ಲರೂ ಪಡುವ ಪೇಚಾಟ. ಇದು ಕಥೆಯ ಹುರುಳು. ಶಾಲೆಗಳನ್ನು ಪರೀಕ್ಷಿಸುತ್ತ ತಿರುಗುವ ಗಂಭೀರ ಅಧಿಕಾರಿಯೊಬ್ಬರು ಶೇಕ್ಸ್‌ಪಿಯರನ ದುಃಖಾಂತಗಳನ್ನೆಲ್ಲ ಬಿಟ್ಟು ನಗೆಯ ಕಥೆಯನ್ನೇ ಏಕೆ ಆರಿಸಿಕೊಂಡರೆಂದು ಕೆಲವರಿಗೆ ತೋರಬಹುದು. ಓದುವ ಅಭ್ಯಾಸವಿನ್ನೂ ಬೆಳೆಯದ ಜನಕ್ಕೆ ಓದಿನ ರುಚಿ ಹತ್ತಿಸಬೇಕಾದರೆ ನಗೆಯಂಥ ಬೆಲ್ಲ ಬೇರಿಲ್ಲವೆಂಬುದು ಮಕ್ಕಳ ನಡುವೆ ದಿನಗಳೆದವರಿಗೆ ಗೊತ್ತಿರುವ ವಿಷಯ. ಹೆಸರು ಸಹ ಪಂಡಿತರ ಸಂಸ್ಕೃತದ್ದಲ್ಲ. ಧಾರವಾಡದ ಸಂತೆಯಲ್ಲಿ ನಿಂತವನಿಗೂ ಒಮ್ಮೆಗೇ ತಿಳಿಯುವಂಥದು.

ಈ ಚರಿತ್ರೆಯಲ್ಲಿ ಕತ್ತಲೆಯ ಒಂದು ಮೂಲೆಯೂ ಇದೆ. ಶರಣಧರ್ಮದ ಅನುಯಾಯಿಗಳು ಅದನ್ನು ನೋಡದೆ ದಾಟುವುದು ಸಲ್ಲದು. 1856ರ ಜೂನ್ ತಿಂಗಳಲ್ಲಿ ಇದೇ ಧಾರವಾಡದ ಸರಕಾರೀ ಶಾಲೆಗೆ ಸೇರಬೇಕೆಂದು ಮಹಾರ ಜಾತಿಯ ಹುಡುಗನೊಬ್ಬನು ಮುಂಬಯಿ ಸರಕಾರಕ್ಕೆ ಅರ್ಜಿ ಬರೆದುಕೊಂಡನು. ಶುಲ್ಕವನ್ನು ಕೊಡಲು ಅವನು ಸಿದ್ಧನಿದ್ದನು; ಓದುವ ಆಸೆಯಿತ್ತು. ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಶಾಲೆ ಬಿಡುವರೆಂಬ ಕಾರಣದಿಂದ ಸರಕಾರವು ಅವನಿಗೆ ಬಾಗಿಲು ತೆರೆಯಲಿಲ್ಲ. ಸರಕಾರದ ಹಣದಿಂದ ನಡೆಯುವ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿರತಕ್ಕವೆಂದು ವಿಲಾಯತಿಯ ಡೈರೆಕ್ಟರರ ಸಭೆಯು 1858ರಲ್ಲಿ ಬರೆದರೂ, ಬರೆದುದು ನಡೆಯಲು ತಲೆಮಾರುಗಳು ಹಿಡಿದುವು. ಡಾಕ್ಟರ್ ಅಂಬೇಡಕರರು ಮುಂದೆ ಈ ಅರ್ಜಿಯ ಸಂಗತಿಯನ್ನು ಎತ್ತಿ ತೋರಿಸಿದರು. ಚನ್ನಬಸಪ್ಪನವರು ತಯಾರುಮಾಡಿ ಹಳ್ಳಿಗೆ ಕಳುಹಿದ ಪ್ರತಿಯೊಬ್ಬ ಮಾಸ್ತರನೂ ಈ ಪ್ರಶ್ನೆಯನ್ನು ತನ್ನ ಶಾಲೆಯ ಹೊಸ್ತಿಲಲ್ಲಿ ಎದುರಿಸಬೇಕಾಯಿತು. ಎದುರಿಸಿದವರಲ್ಲಿ ಬಹುಜನರು ಮಗುವನ್ನು ಜಗಲಿಯ ಹೊರಗೆ ಕೂಡ್ರಿಸಿಯೇ ಸಮಾಧಾನಪಟ್ಟುಕೊಂಡರು. ಅಣ್ಣನ ಕಲ್ಯಾಣದಲ್ಲಿ ಏಳುನೂರು ವರ್ಷಗಳ ಹಿಂದೆಯೇ ತೀರಿದ್ದ ಮಾತು ಅಣ್ಣನ ನಾಡಿನ ಶಾಲೆಯಲ್ಲಿ ತೀರದೆ ಉಳಿದಿತ್ತು.

1872ರಲ್ಲಿ ಫ್ಲೀಟ್ ಸಾಹೇಬರು ದಕ್ಷಿಣ ವಿಭಾಗದ ಇನ್‌ಸ್ಪೆಕ್ಟರರಾಗಿ ಬಂದರು. ಮುಂದೆ ಕನ್ನಡ ಶಾಸನಗಳ ಶೋಧಕರಾಗಿ ಲೋಕಪ್ರಸಿದ್ಧರಾದವರು ಇವರೇ. ಈ ನಾಡಿನ ಕಲ್ಲುಗಳೆಲ್ಲ ಕನ್ನಡವನ್ನು ನುಡಿಯುತ್ತಿರುವುದನ್ನು ಅವರು ಓದಿ ಜಗತ್ತಿಗೆ ತಿಳಿಸಿದರು. ಈ ನಾಡಿನ ಮಕ್ಕಳು ಕನ್ನಡವನ್ನು ಓದುವಂತೆ ಚನ್ನಬಸಪ್ಪನವರು ಅದಕ್ಕೂ ಮೊದಲೇ ದುಡಿದಿದ್ದರು. ಆಮೇಲೆ ಬಂದುದು ಧಾತು ಸಂವತ್ಸರದ ಘೋರ ಬರ. 1876ರಿಂದ 1878ರವರೆಗೆ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳು ತತ್ತರಿಸಿದುವು. 1872ರ ಮತ್ತು 1881ರ ಜನಗಣತಿಗಳ ನಡುವೆ ಕಲಾದಗಿ ಜಿಲ್ಲೆಯೊಂದರಲ್ಲಿಯೇ ಜನಸಂಖ್ಯೆಯು ಐದರಲ್ಲೊಂದು ಪಾಲಿಗಿಂತ ಹೆಚ್ಚು ಕುಗ್ಗಿತು. ಹೊಟ್ಟೆಗಿಲ್ಲದ ಊರಿನಲ್ಲಿ ಹಲಗೆ ಬಳಪಗಳನ್ನು ಕೇಳುವವರಾರು? ಗುಳೆ ಹೋದ ಹಳ್ಳಿಗಳಲ್ಲಿ ಶಾಲೆಗಳು ಬರಿದಾದುವು. ಇಪ್ಪತ್ತು ವರ್ಷಗಳಿಂದ ಒಂದೊಂದಾಗಿ ಕಟ್ಟಿದುದು ಎರಡು ವರ್ಷಗಳಲ್ಲಿ ಸಡಿಲಾಯಿತು. ಮಳೆ ಬಂದ ಮೇಲೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು.

1881ರಲ್ಲಿ, ನಾಲ್ವತ್ತೇಳರ ಆಸುಪಾಸಿನ ವಯಸ್ಸಿನಲ್ಲಿ, ಚನ್ನಬಸಪ್ಪನವರು ಲಿಂಗೈಕ್ಯರಾದರು. ದೀರ್ಘಾಯುಷ್ಯವು ಅವರಿಗೆ ದೊರೆಯಲಿಲ್ಲ. ದೊರೆತಿದ್ದರೆ, ಮರುವರ್ಷ ದೇಶದ ಶಿಕ್ಷಣವನ್ನು ವಿಚಾರಿಸಲು ನಿಯಮಿತವಾದ ಹಂಟರ್ ಆಯೋಗದ ಕಾಲದಲ್ಲಿ ಕನ್ನಡದ ಪರವಾಗಿ ನುಡಿಯಬಲ್ಲ ಸಮರ್ಥರೊಬ್ಬರು ಇರುತ್ತಿದ್ದರು.

ಅವರ ಬಿತ್ತನೆಯ ಬೆಳೆಯು ಮಾತ್ರ ನಿಲ್ಲಲಿಲ್ಲ. ಅವರು ಗತಿಸಿದ ಎರಡೇ ವರ್ಷಗಳಲ್ಲಿ, 1883ರಲ್ಲಿ, ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಮುಂದಾಗಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಗೆ ಬುನಾದಿ ಹಾಕಿ, ಬಡ ವಿದ್ಯಾರ್ಥಿಗಳ ಓದಿಗೆ ಧನಸಹಾಯದ ಏರ್ಪಾಡು ಮಾಡಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. 1916ರಲ್ಲಿ ಸಪ್ತರ್ಷಿಗಳೆಂದು ಹೆಸರಾದ ಏಳು ಮಂದಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಚನ್ನಬಸಪ್ಪನವರು ಒಬ್ಬೊಬ್ಬ ಮಾಸ್ತರನನ್ನು ಹುಡುಕಿ ತರುತ್ತಿದ್ದ ಅದೇ ಬೆಳಗಾವಿಯಲ್ಲಿ ವಿದ್ಯೆಗಾಗಿ ಜೀವನವನ್ನೇ ತೆತ್ತ ಏಳು ಜನರು ಒಟ್ಟಿಗೆ ಎದ್ದುನಿಲ್ಲಲು ಅರ್ಧ ಶತಮಾನ ಹಿಡಿಯಿತು. ಧಾರವಾಡದ ಮುರುಘಾಮಠದಂಥ ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದು, ಹಳ್ಳಿಯಿಂದ ಓದಲು ಬಂದ ಮಕ್ಕಳಿಗೆ ಅನ್ನ ಆಶ್ರಯಗಳನ್ನು ಕೊಟ್ಟಾಗ, ಮಠವೆಂಬ ಶಬ್ದಕ್ಕೆ ಅದರ ಹಳೆಯ ಅರ್ಥವು ಮರಳಿ ಬಂದಿತು.

ಮಠಪತ್ರಿಕೆಯು ಹೆಸರುಗಳನ್ನು ಬದಲಿಸುತ್ತ ಬಾಳಿತು. ಶಾಲಾಪತ್ರಿಕೆಯಾಗಿ ಕೆಲಕಾಲ ನಡೆದು, ಕೊನೆಗೆ ಜೀವನ ಶಿಕ್ಷಣವೆಂಬ ಹೆಸರಿನಲ್ಲಿ ಧಾರವಾಡದಿಂದ ಹೊರಡತೊಡಗಿತು. ಮುಂಬಯಿ ಇಲಾಖೆಯು ಹೋಗಿ 1956ರಲ್ಲಿ ಕನ್ನಡ ನಾಡು ಒಂದಾದ ಮೇಲೆ ಬೆಳಗಾವಿಯ ಮಾಸ್ತರನೂ ಎರ್ಮಾಳಿನ ಮಾಸ್ತರನೂ ಒಂದೇ ಖಾತೆಯವರಾದರು; ಶಿಕ್ಷಕರಿಗಾಗಿ ಹೊರಡುತ್ತಿದ್ದ ಆ ಪತ್ರಿಕೆಯು 2015ರಲ್ಲಿ ನೂರೈವತ್ತನೆಯ ವರ್ಷವನ್ನು ಕಂಡಿತು.